ಶಾಲಾ ಗ್ರಂಥಾಲಯದಲ್ಲಿ ಮಕ್ಕಳಿಗೆ ಬಗೆಬಗೆಯ ಪುಸ್ತಕ ಸೂಚಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠದ ಜೊತೆಗೆ ಗ್ರಂಥಾಲಯದ ಹೊಣೆಯನ್ನೂ ಹೊತ್ತಿರುವ ಶಿಕ್ಷಕರಿಗಾಗಿ ಈ ಪುಟ. ಪ್ರತ್ಯೇಕ ಕೋಣೆ ಇಲ್ಲ, ಇರುವುದು ಒಂದು ಬೀರು, ವಾರಕ್ಕೆ ಸಿಗುವುದು ಒಂದೇ ಪೀರಿಯಡ್ ಎಂಬ ಸ್ಥಿತಿಯನ್ನು ಇಟ್ಟುಕೊಂಡೇ ಉತ್ತರಿಸಿದ್ದೇವೆ.

"ಯಾವ ಪುಸ್ತಕ ಓದಲಿ ಟೀಚರ್?" ಎಂದು ಮಗು ಕೇಳಿದರೆ ಮೊದಲು ಏನು ಮಾಡಬೇಕು?

"ನಿನಗೆ ಯಾವ ವಿಷಯ ಇಷ್ಟ?" ಎಂದು ಕೇಳಬೇಡಿ. ಹೆಚ್ಚಿನ ಮಕ್ಕಳ ಹತ್ತಿರ ಅದಕ್ಕೆ ಉತ್ತರ ಇರುವುದಿಲ್ಲ. ಟೀಚರಿಗೆ ಏನು ಹಿಡಿಸುತ್ತದೋ ಅದನ್ನೇ ಹೇಳಿಬಿಡುತ್ತಾರೆ. "ವಿಜ್ಞಾನ" ಎಂದ ಮಗುವಿಗೆ ವಿಜ್ಞಾನದ ಪುಸ್ತಕ ಕೊಟ್ಟು, ಅದು ಹೋದ ಹಾಗೇ ವಾಪಸ್ ಬರುವುದು ಇದರಿಂದಲೇ.

ಚಿಕ್ಕ ಪ್ರಶ್ನೆ ಕೇಳಿ. ಕೊನೆಯವರೆಗೂ ಓದಿದ ಪುಸ್ತಕ ಯಾವುದು? ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿಗೆ ಬಿಟ್ಟೆ? ಈಗ ನಗಬೇಕು ಅನಿಸ್ತಿದೆಯಾ, ಹೆದರಬೇಕು ಅನಿಸ್ತಿದೆಯಾ, ಏನಾದ್ರೂ ಹೊಸದು ತಿಳಿಬೇಕು ಅನಿಸ್ತಿದೆಯಾ? ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಮಕ್ಕಳು ಹೇಳುವ ಮಾತು ಮೆಚ್ಚಿದ ಪುಸ್ತಕದ ಬಗ್ಗೆ ಹೇಳುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. "ಚಿತ್ರಾನೇ ಇಲ್ಲ", "ಬರೀ ಊರಿನ ಹೆಸರು ಬರ್ತವೆ", "ಯಾರು ಮಾತಾಡ್ತಿದಾರೆ ಗೊತ್ತಾಗಲ್ಲ": ಮುಂದೆ ಯಾವುದನ್ನು ಕೊಡಬಾರದು ಎಂಬುದು ಇಲ್ಲೇ ತಿಳಿಯುತ್ತದೆ.

ಆಮೇಲೆ ಮೂರು ಪುಸ್ತಕ ಕೈಗೆ ಕೊಡಿ. ಒಂದನ್ನೇ ಕೊಟ್ಟರೆ ಅದು ಅಪ್ಪಣೆ. ಹತ್ತು ಕೊಟ್ಟರೆ ಮಗು ಗೊಂದಲಕ್ಕೆ ಬೀಳುತ್ತದೆ. ಮೊದಲನೆಯದು ಈಗಾಗಲೇ ಮೆಚ್ಚಿದ ಪುಸ್ತಕಕ್ಕೆ ತೀರಾ ಹತ್ತಿರದ್ದು. ಎರಡನೆಯದು ಅಲ್ಲಿಂದ ಒಂದು ಹೆಜ್ಜೆ ಆಚೆ: ವಿಷಯ ಅದೇ, ಪ್ರಕಾರ ಬೇರೆ. ಮೂರನೆಯದು ಸಂಬಂಧವೇ ಇಲ್ಲದ್ದು. ಕೊಟ್ಟು ಎರಡು ನಿಮಿಷ ಅಲ್ಲಿಂದ ಸರಿಯಿರಿ. ನೀವು ನೋಡುತ್ತಾ ನಿಂತರೆ ಮಗು ದಪ್ಪದ್ದನ್ನೇ ಎತ್ತಿಕೊಳ್ಳುತ್ತದೆ. ಮೂರೂ ಬೇಡ ಎಂದರೆ ಬೇಸರ ಬೇಡ. ಯಾವುದನ್ನು ಬೇಡ ಎಂದಿತು ಎಂದು ವಿತರಣಾ ವಹಿಯಲ್ಲಿ ಮಗುವಿನ ಹೆಸರಿನ ಮುಂದೆ ಒಂದು ಪದ ಬರೆದಿಟ್ಟುಕೊಳ್ಳಿ. ಮೂರನೆಯ ಪುಸ್ತಕವನ್ನು ಮಕ್ಕಳು ಹಲವು ವಾರ ಮುಟ್ಟದೇ ಇರಬಹುದು. ಆದರೂ ಕೊಡುವುದನ್ನು ನಿಲ್ಲಿಸಬೇಡಿ. ವೈವಿಧ್ಯ ಬರುವುದು ಅದರಿಂದಲೇ.

ಪುಸ್ತಕ ಮಗುವಿಗೆ ಕಷ್ಟವಾಗುತ್ತದೋ ಇಲ್ಲವೋ ಎಂದು ಬೇಗ ತಿಳಿಯುವುದು ಹೇಗೆ? ಐದು ಬೆರಳಿನ ಲೆಕ್ಕ ಸಾಕೇ?

ಒಂದು ಪುಟ ಓದುತ್ತಾ ಗೊತ್ತಿಲ್ಲದ ಪ್ರತಿ ಪದಕ್ಕೆ ಒಂದು ಬೆರಳು ಎತ್ತುವುದು, ಐದೂ ಬೆರಳು ಎದ್ದರೆ ಪುಸ್ತಕ ಕಷ್ಟ ಎಂಬುದು ಇಂಗ್ಲಿಷ್ ಓದಿಗೆ ಹೊಂದುವ ಲೆಕ್ಕ. ಕನ್ನಡಕ್ಕೆ ಅದನ್ನು ಹಾಗೇ ತಂದರೆ ಮೋಸ ಹೋಗುತ್ತೇವೆ. ಕನ್ನಡದಲ್ಲಿ ಬರೆದಂತೆ ಓದುವುದು. ಕಾಗುಣಿತ, ಒತ್ತಕ್ಷರ ಬಂದ ಮಗು ಅರ್ಥವಾಗದ ಪದವನ್ನೂ ತಡವರಿಸದೆ ಉಚ್ಚರಿಸುತ್ತದೆ. ಒಂದು ಬೆರಳೂ ಏಳುವುದಿಲ್ಲ, ಒಂದು ಸಾಲೂ ತಲೆಗೆ ಹೋಗಿರುವುದಿಲ್ಲ.

ಹೀಗೆ ಮಾಡಿ. ಪುಸ್ತಕದ ನಡುವಿನ ಪುಟ ತೆರೆಯಿರಿ; ಮೊದಲ ಪುಟ ಬೇಡ, ಎಷ್ಟೋ ಪುಸ್ತಕಗಳಲ್ಲಿ ಅದು ಉಳಿದವುಗಳಿಗಿಂತ ಸುಲಭವಾಗಿರುತ್ತದೆ. ಐದಾರು ಸಾಲು ಮೆಲುದನಿಯಲ್ಲಿ ಓದಿಸಿ, ಪುಸ್ತಕ ಮುಚ್ಚಿ, "ಈಗ ಏನಾಯ್ತು?" ಎಂದಷ್ಟೇ ಕೇಳಿ.

"ಮ-ರ-ದ ಮೇ-ಲೆ" ಎಂದು ಅಕ್ಷರ ಕೂಡಿಸಿ ಓದುತ್ತಿದ್ದರೆ, ಅಥವಾ "ರಾಷ್ಟ್ರ", "ಸ್ವಾತಂತ್ರ್ಯ", "ಮಾರ್ಗ" ಬಂದಲ್ಲಿ ನಿಲ್ಲುತ್ತಿದ್ದರೆ ತೊಡಕು ಲಿಪಿಯದ್ದು. ಒತ್ತಕ್ಷರ, ಅರ್ಕಾವತ್ತು ಕಡಿಮೆ ಇರುವ, ಒಂದು ಪುಟಕ್ಕೆ ಎರಡು ಮೂರು ಸಾಲಿನ ಚಿತ್ರಪುಸ್ತಕ ಕೊಡಿ. ಜೋಡಿಯಾಗಿ ಓದಲು ಒಬ್ಬ ಗೆಳೆಯನನ್ನೂ ಕೂರಿಸಿ. ಸರಾಗವಾಗಿ ಓದಿಯೂ "ಏನಾಯ್ತು" ಎಂದರೆ ಸುಮ್ಮನಿದ್ದರೆ ತೊಡಕು ಭಾಷೆಯದ್ದು. ಅಂಥ ಮಗುವಿಗೆ ಇನ್ನೂ ಸಣ್ಣ ಪುಸ್ತಕ ಕೊಟ್ಟು ಪ್ರಯೋಜನವಿಲ್ಲ. ಸಂಭಾಷಣೆ ಹೆಚ್ಚಿರುವ, ಇವತ್ತಿನ ಮಾತಿಗೆ ಹತ್ತಿರವಿರುವ ಕತೆ ಬೇಕು. "ನೋಡಿಕೊಳ್ಳುತ್ತಿದ್ದನಂತೆ" ಎಂಬಂಥ ಉದ್ದ ಪದಗಳು ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಹೋಗಿದ್ದರೂ ಓದು ಕೆಡುತ್ತದೆ. ಹಾಗಾಗಿ ಕೊಳ್ಳುವಾಗ ಅಕ್ಷರದ ಗಾತ್ರವನ್ನೂ ಸಾಲು ಮುರಿದ ರೀತಿಯನ್ನೂ ನೋಡಿ. 1, 2ನೇ ತರಗತಿಗೆ 18 ಪಾಯಿಂಟ್‌ಗಿಂತ ಸಣ್ಣ ಅಕ್ಷರ ಬೇಡ. 3ರಿಂದ 5ಕ್ಕೆ 14 ರಿಂದ 16 ಪಾಯಿಂಟ್.

ಪುಸ್ತಕದ ಹಿಂದೆ "ಹಂತ 1", "ಹಂತ 2" ಎಂದಿರುತ್ತದೆ. ಅದನ್ನು ತರಗತಿ ಎಂದು ತಿಳಿಯಬಹುದೇ?

ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ ಮತ್ತು ಅದು 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದು ಸುಮಾರು 250 ಪದಗಳೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1,500ರವರೆಗೆ, ನಾಲ್ಕನೆಯದು ಅದಕ್ಕಿಂತ ಉದ್ದ. ಇದು ಪಠ್ಯ ಎಷ್ಟು ಉದ್ದ, ಎಷ್ಟು ತೊಡಕು ಎಂಬುದರ ಅಂದಾಜು, ವಯಸ್ಸಿನ ಲೆಕ್ಕವಲ್ಲ. 5ನೇ ತರಗತಿಯ ಮಗು ಮೊದಲ ಹಂತದ ಪುಸ್ತಕ ಒಯ್ದರೆ ಒಯ್ಯಲಿ. ಹಂತ ಗುರುತಿಸಲು ಬೆನ್ನಿಗೆ ಬಣ್ಣದ ಚುಕ್ಕಿ ಅಂಟಿಸಬಹುದು. ಆದರೆ "ನಿನ್ನದು ಹಸಿರು ಚುಕ್ಕಿ, ಕೆಂಪು ಮುಟ್ಟಬೇಡ" ಎಂಬ ಮಾತು ನಿಮ್ಮ ಶಾಲೆಯಲ್ಲಿ ಕೇಳಬಾರದು. ಚುಕ್ಕಿ ಇರುವುದು ಸೂಚಿಸುವವರ ಅನುಕೂಲಕ್ಕೆ.

7ನೇ ತರಗತಿಯ ಹುಡುಗನಿಗೆ 2ನೇ ತರಗತಿಯ ಓದು ಮಾತ್ರ ಬರುತ್ತದೆ. ಸಣ್ಣವರ ಪುಸ್ತಕ ಕೊಟ್ಟರೆ ನಾಚಿಕೊಳ್ಳುತ್ತಾನೆ.

ನಾಚಿಕೆ ಸಹಜ. ಮುಖಪುಟದಲ್ಲಿ ಮೊಲದ ಮರಿ ಇರುವ ಪುಸ್ತಕ ಹಿಡಿದು ಅವನು ಗೆಳೆಯರ ಮುಂದೆ ಕೂರಲಾರ. ಪಠ್ಯ ಕಡಿಮೆ ಇದ್ದೂ ಎಳೆಯರದ್ದೆಂದು ಕಾಣದ ಪುಸ್ತಕ ಹುಡುಕಿ: ಹಾವು, ಟ್ರ್ಯಾಕ್ಟರ್, ರಾಕೆಟ್, ಮನುಷ್ಯನ ದೇಹದ ಬಗ್ಗೆ ಫೋಟೊ ಮತ್ತು ಅಡಿಬರಹ ಇರುವಂಥವು, ಒಗಟಿನ ಪುಸ್ತಕ, ಚಿತ್ರಕತೆ, ನಕಾಶೆ. ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ-ಭಾರತಿ ಮಾಲೆಯಂಥ ಜೇಬಿನ ಗಾತ್ರದ ಜೀವನಚಿತ್ರಗಳನ್ನೂ ನೋಡಬಹುದು. ಭಾಷೆ ಕೆಲವೆಡೆ ಗ್ರಾಂಥಿಕ, ಆದರೆ ಪುಸ್ತಕ ತೆಳು. "ಒಂದು ಪುಸ್ತಕ ಮುಗಿಸಿದೆ" ಎಂಬ ಖುಷಿ ಬೇಗ ಸಿಗುತ್ತದೆ.

ಇನ್ನೊಂದು ದಾರಿ ಇದಕ್ಕಿಂತ ಒಳ್ಳೆಯದು. "1ನೇ ತರಗತಿಯವರಿಗೆ ಶುಕ್ರವಾರ ಈ ಕತೆ ಓದಿ ಹೇಳಬೇಕು, ಅಭ್ಯಾಸ ಮಾಡಿಕೊಂಡು ಬಾ" ಎಂದು ಅವನಿಗೇ ಜವಾಬ್ದಾರಿ ಕೊಡಿ. ಚಿತ್ರಪುಸ್ತಕ ಹಿಡಿಯಲು ಅವನಿಗೊಂದು ಕಾರಣ ಸಿಗುತ್ತದೆ. ಒಂದೇ ಪುಸ್ತಕವನ್ನು ಐದಾರು ಸಲ ಗಟ್ಟಿಯಾಗಿ ಓದುತ್ತಾನೆ, ಅವನಿಗೆ ಬೇಕಾದದ್ದೂ ಅದೇ.

ಕೆಲವು ಮಕ್ಕಳು ವರ್ಷವಿಡೀ ತೆನಾಲಿ ರಾಮ, ಬೀರಬಲ್ಲರ ಕತೆಯನ್ನೇ ಕೇಳುತ್ತಾರೆ. ಬದಲಿಸುವುದು ಹೇಗೆ?

ಕಸಿದುಕೊಳ್ಳಬೇಡಿ. ಅದರಲ್ಲಿ ಏನು ಹಿಡಿಸಿದೆ ಎಂದು ನೋಡಿ, ಅದರ ಎಳೆ ಹಿಡಿದು ಮುಂದೆ ಹೋಗಿ. ಚಾತುರ್ಯ ಹಿಡಿಸಿದ್ದರೆ ಒಗಟು, ಗಣಿತದ ಮೋಜು, ಪತ್ತೇದಾರಿ ಕತೆ. ನಗು ಹಿಡಿಸಿದ್ದರೆ ಹಾಸ್ಯಪ್ರಬಂಧ. 8ನೇ ತರಗತಿ ದಾಟಿದವರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರ "ನಮ್ಮ ಊರಿನ ರಸಿಕರು" ಕೊಡಬಹುದು. ದೊಡ್ಡವರನ್ನು ಸಣ್ಣವರು ಸೋಲಿಸುವುದು ಹಿಡಿಸಿದ್ದರೆ ಜನಪದ ಕತೆಗಳ ಭಂಡಾರವೇ ಇದೆ. ಪ್ರತಿ ಕತೆ ಎರಡು ಪುಟದಲ್ಲಿ ಮುಗಿಯುತ್ತದೆ ಎಂಬುದಷ್ಟೇ ಕಾರಣವೂ ಆಗಿರಬಹುದು. ಆಗ ಬೇರೆ ಯಾವುದೇ ವಿಷಯದ ಕಿರುಗತೆಗಳ ಸಂಕಲನ ಹಿಡಿಸುತ್ತದೆ. ಕಾದಂಬರಿ ಕೊಟ್ಟರೆ ಸೋಲುತ್ತೀರಿ.

ಪ್ರಾಣಿಗಳ ಕತೆ ಬಿಟ್ಟು ಬೇರೆ ಮುಟ್ಟದ ಮಗುವಿನ ದಾರಿ ಹೀಗಿರಬಹುದು: ಮೊದಲು ಪಂಜೆ ಮಂಗೇಶರಾಯರ "ನಾಗರ ಹಾವೆ" ಪದ್ಯವನ್ನು ಇಬ್ಬರೂ ಸೇರಿ ಹಾಡುವುದು, ನಂತರ ಹಾವುಗಳ ಚಿತ್ರ-ಮಾಹಿತಿ ಪುಸ್ತಕ, ಆಮೇಲೆ ಕಿವಿ ಎಂಬ ನಾಯಿ ಬರುವ ಪೂರ್ಣಚಂದ್ರ ತೇಜಸ್ವಿಯವರ "ಪರಿಸರದ ಕತೆ". ಪದ್ಯ, ಮಾಹಿತಿ, ಗದ್ಯ ಎಂದು ಮೂರು ಪ್ರಕಾರ ದಾಟಿದರೂ ಮಗುವಿಗೆ ತನ್ನ ಇಷ್ಟ ಬಿಟ್ಟಂತೆ ಅನಿಸುವುದಿಲ್ಲ.

"ಬಗೆಬಗೆಯ ಪುಸ್ತಕ" ಎಂದರೆ ನಿಖರವಾಗಿ ಏನು? ನಮ್ಮ ಬೀರುವಿನಲ್ಲಿ 400 ಪುಸ್ತಕ ಇವೆಯಲ್ಲ.

ಒಂದು ಸಣ್ಣ ಎಣಿಕೆ ಮಾಡಿ. ಕಣ್ಣುಮುಚ್ಚಿ 50 ಪುಸ್ತಕ ತೆಗೆದು ಮೇಜಿನ ಮೇಲೆ ಹರಡಿ, ರಾಶಿ ಮಾಡಿ: ನೀತಿಕತೆ, ಮಹಾಪುರುಷರ ಜೀವನ, ಪುರಾಣ, ಉಳಿದದ್ದು. ನಮ್ಮ ಶಾಲೆಗಳ ಬೀರುಗಳಲ್ಲಿ ಮೊದಲ ಮೂರು ರಾಶಿಗಳೇ ಎತ್ತರವಾಗಿರುತ್ತವೆ. "ಉಳಿದದ್ದು" 50ರಲ್ಲಿ 20ಕ್ಕಿಂತ ಕಡಿಮೆ ಇದ್ದರೆ ನೀವು ಎಷ್ಟು ಚೆನ್ನಾಗಿ ಸೂಚಿಸಿದರೂ ಮಕ್ಕಳಿಗೆ ಆಯ್ಕೆಯೇ ಇರುವುದಿಲ್ಲ.

ಎರಡನೆಯ ಎಣಿಕೆ: ಅದೇ 50ರಲ್ಲಿ ಹುಡುಗಿಯೇ ಮುಖ್ಯಪಾತ್ರವಾದವು ಎಷ್ಟು? ಇವತ್ತಿನ ಕಾಲದಲ್ಲಿ ನಡೆಯುವವು ಎಷ್ಟು? ಕೂಲಿ ಮಾಡುವ, ಮೀನು ಹಿಡಿಯುವ, ಕುರಿ ಕಾಯುವ ಮನೆಯ ಮಗು ಬರುವವು ಎಷ್ಟು? ಅಂಗವೈಕಲ್ಯ ಇರುವ ಮಗು ಕನಿಕರಕ್ಕೆ ಮಾತ್ರ ಬಂದಿದೆಯೋ, ಆಟವಾಡಲೂ ಬಂದಿದೆಯೋ? ಕರಾವಳಿ, ಬಯಲುಸೀಮೆ, ಕಲ್ಯಾಣ ಕರ್ನಾಟಕ, ಮಲೆನಾಡು ಎಲ್ಲವೂ ಇವೆಯೇ?

ಪ್ರಕಾರಗಳಲ್ಲಿ ಮರೆತುಹೋಗುವುದು ನಾಟಕ ಮತ್ತು ಪದ್ಯ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳೂ ವೈದೇಹಿಯವರ ಮಕ್ಕಳ ನಾಟಕಗಳೂ ಬೀರುವಿನೊಳಗೆ ಸುಮ್ಮನೆ ಕೂತಿರುತ್ತವೆ. ಇವು ಒಬ್ಬರೇ ಮೌನವಾಗಿ ಓದುವ ಪುಸ್ತಕಗಳಲ್ಲ. ನಾಟಕವನ್ನು ನಾಲ್ಕೈದು ಮಕ್ಕಳ ಗುಂಪಿಗೆ ಕೊಟ್ಟು ಪಾತ್ರ ಹಂಚಿಕೊಂಡು ಓದಲು ಹೇಳಿ.

ಮನೆಯಲ್ಲಿ ಉರ್ದು, ತುಳು, ಲಂಬಾಣಿ, ತೆಲುಗು ಮಾತಾಡುವ ಮಕ್ಕಳಿಗೆ?

ಅವರಿಗೆ ಕನ್ನಡ ಪುಸ್ತಕ ಸೂಚಿಸುವಾಗ ಚಿತ್ರವೇ ಅರ್ಧ ಕತೆ ಹೇಳುವಂಥವನ್ನು ಆರಿಸಿ. ಪದಗಳೇ ಇಲ್ಲದ ಚಿತ್ರಪುಸ್ತಕಗಳೂ ಸಿಗುತ್ತವೆ. ಮಗು ತನ್ನ ಮನೆಮಾತಿನಲ್ಲಿ ಕತೆ ಹೇಳಲಿ, ನಂತರ ಕನ್ನಡದಲ್ಲಿ. ಸ್ಟೋರಿವೀವರ್‌ನಲ್ಲಿ ಎಷ್ಟೋ ಕತೆಗಳು ಕನ್ನಡದ ಜೊತೆಗೆ ಉರ್ದು, ತೆಲುಗು, ಮರಾಠಿ, ಕೊಂಕಣಿಯಲ್ಲೂ ಇವೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಕೊಂಡು ಎರಡನ್ನೂ ಜೊತೆಗೆ ಇಡಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ-ಇಂಗ್ಲಿಷ್ ದ್ವಿಭಾಷಾ ಚಿತ್ರಪುಸ್ತಕ ಪ್ರಕಟಿಸುತ್ತದೆ. ಧಾರವಾಡ, ಕಲಬುರಗಿ ಕಡೆಯ ಮಕ್ಕಳಿಗೆ ಪುಸ್ತಕದ ಕನ್ನಡವೂ ಒಂದಿಷ್ಟು ದೂರವೇ. ಮೊದಲು ಗಟ್ಟಿಯಾಗಿ ನಿಮ್ಮ ಊರಿನ ಮಾತಿನಲ್ಲೇ ಕತೆ ಹೇಳಿ, ಆಮೇಲೆ ಪುಸ್ತಕ ಕೈಗೆ ಕೊಟ್ಟರೆ ಆ ದೂರ ಕಡಿಮೆಯಾಗುತ್ತದೆ.

ಒಂದೇ ಪೀರಿಯಡ್‌ನಲ್ಲಿ 40 ಮಕ್ಕಳಿಗೆ ಹೇಗೆ ಸೂಚಿಸಲಿ?

ಒಬ್ಬೊಬ್ಬರ ಜೊತೆ ಮಾತಾಡಲು ಆಗುವುದಿಲ್ಲ. ಹಾಗಾಗಿ ಪೀರಿಯಡ್‌ನ ಮೊದಲ 8 ರಿಂದ 10 ನಿಮಿಷ ಪುಸ್ತಕ ಪರಿಚಯಕ್ಕೆ ಇಡಿ. ನಾಲ್ಕು ಪುಸ್ತಕ, ಒಂದಕ್ಕೆ ಎರಡು ನಿಮಿಷ. ನಾಲ್ಕೂ ಬೇರೆ ಬೇರೆ ಪ್ರಕಾರದವಾಗಿರಲಿ.

ಉದಾಹರಣೆಗೆ ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ". ಕವಿಯ ಪರಿಚಯ, ಪ್ರಶಸ್ತಿ ಏನೂ ಬೇಡ. ಊರಿನ ತುಂಬ ಇಲಿಗಳು, ಮನೆಯಲ್ಲಿ ಒಂದೂ ವಸ್ತು ಉಳಿದಿಲ್ಲ ಎಂದು ಎರಡು ಮಾತು ಹೇಳಿ. ಇಲಿಗಳ ಕಾಟದ ಸಾಲುಗಳನ್ನು ಲಯ ಬಿಡದೆ, ಮಕ್ಕಳು ತೊಡೆ ತಟ್ಟುವಷ್ಟು ಜೋರಾಗಿ ಓದಿ. ಜೋಗಿ ಬಂದು ಕಿಂದರಿ ಬಾರಿಸಿ, ಇಲಿಗಳೆಲ್ಲ ಹಿಂದೆ ಹೊರಟ ಜಾಗದಲ್ಲಿ ಪುಸ್ತಕ ಮುಚ್ಚಿ. "ಗೌಡ ಒಪ್ಪಿಕೊಂಡ ಹಣ ಕೊಡದಿದ್ದರೆ ಜೋಗಿ ಏನು ಮಾಡಬಹುದು?" ಎಂದು ಕೇಳಿ, ಉತ್ತರ ಹೇಳದೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಮುಂದಿನದನ್ನು ಎತ್ತಿಕೊಳ್ಳಿ.

ಕೆಡುವುದು ಮೂರು ಕಡೆ. ಪೂರ್ತಿ ಕತೆ ಹೇಳಿಬಿಟ್ಟರೆ ಯಾರೂ ಒಯ್ಯುವುದಿಲ್ಲ. ನೀವೇ ಓದಿರದ ಪುಸ್ತಕದ ಹಿಂಬದಿಯ ಸಾಲು ಓದಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಪರಿಚಯಿಸಿದ ಪುಸ್ತಕದ ಒಂದೇ ಪ್ರತಿ ಇದ್ದರೆ ಜಗಳ; ಸರದಿ ಚೀಟಿ ಬರೆಯಿರಿ, ಅದೇ ಲಯದ ಅಥವಾ ಅದೇ ವಿಷಯದ ಇನ್ನೆರಡು ಪುಸ್ತಕ ಪಕ್ಕದಲ್ಲಿ ಇಟ್ಟಿರಿ.

ಪುಸ್ತಕಗಳನ್ನು ದಶಮಾಂಶ ಸಂಖ್ಯೆಯ ಪ್ರಕಾರ ಜೋಡಿಸಬೇಕೇ?

ದಾಸ್ತಾನು ವಹಿಯಲ್ಲಿ ಬರೆದುಕೊಳ್ಳಿ, ಕಪಾಟಿನಲ್ಲಿ ಬೇಡ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ ಪೂರ್ತಿ 894.814ರ ಕೆಳಗೆ ಬರುತ್ತದೆ. ನಿಮ್ಮ ಸಂಗ್ರಹದ ಮುಕ್ಕಾಲು ಪಾಲು ಒಂದೇ ಗುಂಪಾಗುತ್ತದೆ. "ನಗು", "ಪ್ರಾಣಿ-ಪಕ್ಷಿ", "ಹೆದರಿಕೆ", "ಮಾಡಿ ನೋಡು", "ನಿಜವಾಗಿ ಬದುಕಿದವರು", "ಹಾಡು-ಪದ್ಯ", "ಆಟ-ನಾಟಕ" ಎಂದು ಚೀಟಿ ಅಂಟಿಸಿ.

ಅದಕ್ಕಿಂತ ಮುಖ್ಯ, ಮುಖಪುಟ ಕಾಣಬೇಕು. ತೆಳು ಪುಸ್ತಕಗಳ ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ. ಗೋಡೆಗೆ ಎರಡು ಮೊಳೆ ಹೊಡೆದು ಮಕ್ಕಳ ಎದೆಮಟ್ಟಕ್ಕೆ ನೈಲಾನ್ ಹಗ್ಗ ಕಟ್ಟಿ, ಪುಸ್ತಕಗಳನ್ನು ನಡುವೆ ತೆರೆದು ನೇತು ಹಾಕಿ. ಆರು ಅಡಿ ಹಗ್ಗಕ್ಕೆ ಎಂಟು ಹತ್ತು ಪುಸ್ತಕ ಹಿಡಿಯುತ್ತವೆ. 15 ದಿನಕ್ಕೊಮ್ಮೆ ಬದಲಿಸಿ. ದಪ್ಪ ಪುಸ್ತಕ ನೇತು ಹಾಕಿದರೆ ಬೆನ್ನು ಬಿಡುತ್ತದೆ, ಅವನ್ನು ಮೇಜಿನ ಮೇಲೆ ಒರಗಿಸಿ.

ಓದಿದ ಮೇಲೆ ಸಾರಾಂಶ ಬರೆಸಬೇಕೇ?

ಬೇಡ. ಬರೆಯಬೇಕಾದೀತು ಎಂದು ಮಕ್ಕಳು ಸಣ್ಣ ಪುಸ್ತಕವನ್ನೇ ಒಯ್ಯಲು ಶುರುಮಾಡುತ್ತಾರೆ. ಬೇಕಿದ್ದರೆ ಪುಸ್ತಕದ ಕೊನೆಯ ಪುಟಕ್ಕೆ ಒಂದು ಚೀಟಿ ಅಂಟಿಸಿ, "ಇದನ್ನು ಯಾರು ಓದಬೇಕು?" ಎಂದು ಮೇಲೆ ಬರೆಯಿರಿ. "ಅಜ್ಜಿ ನೆನಪಾಗುವವರು", "ರಾತ್ರಿ ಹೆದರದವರು" ಎಂದು ಮಕ್ಕಳು ಬರೆಯುತ್ತಾರೆ. ಮುಂದಿನ ಓದುಗರು ಟೀಚರ್ ಮಾತಿಗಿಂತ ಆ ಚೀಟಿಯನ್ನು ಹೆಚ್ಚು ನಂಬುತ್ತಾರೆ.

ಚಿತ್ರಕತೆ, ಕಾಮಿಕ್ಸ್ ಇಡಬಹುದೇ? ಹುಡುಗಿಯರಿಗೆ, ಹುಡುಗರಿಗೆ ಬೇರೆ ಬೇರೆ ಸೂಚಿಸಬೇಕೇ?

ಮೊದಲನೆಯದಕ್ಕೆ ಹೌದು, ಧಾರಾಳವಾಗಿ. ಎರಡನೆಯದಕ್ಕೆ ಇಲ್ಲ.

ಪ್ರೌಢಶಾಲೆಯ ಮಕ್ಕಳಿಗೆ "ಮಕ್ಕಳ ಪುಸ್ತಕ" ಬೇಡ, ದೊಡ್ಡವರ ಕಾದಂಬರಿ ಕಷ್ಟ. ಏನು ಕೊಡುವುದು?

ಕನ್ನಡದಲ್ಲಿ ಈ ವಯಸ್ಸಿಗೆಂದೇ ಬರೆದ ಪುಸ್ತಕ ಕಡಿಮೆ. ಈ ಕೊರತೆ ನಿಜ. ಆದರೆ ದೊಡ್ಡವರಿಗೆ ಬರೆದವುಗಳಲ್ಲೇ ಈ ವಯಸ್ಸಿನವರಿಗೆ ಒಗ್ಗುವವು ಸಾಕಷ್ಟಿವೆ. ತೇಜಸ್ವಿಯವರ ಮಿಲೇನಿಯಂ ಮಾಲೆಯ 16 ಪುಸ್ತಕಗಳನ್ನು ಯಾವ ಕ್ರಮದಲ್ಲಾದರೂ ಓದಬಹುದು. ಅವರ "ಕರ್ವಾಲೊ" ಕಾದಂಬರಿ ಅದರ ನಂತರ. ಸಿದ್ಧಲಿಂಗಯ್ಯನವರ "ಊರು ಕೇರಿ" ಆತ್ಮಕತೆ ನಗಿಸುತ್ತಲೇ ಜಾತಿಯ ನೋವನ್ನು ಮುಂದಿಡುತ್ತದೆ. ಗಿಡಮರ ನೋಡುವ ಮಗುವಿಗೆ ಬಿ.ಜಿ.ಎಲ್. ಸ್ವಾಮಿಯವರ "ಹಸುರು ಹೊನ್ನು". ಪೂರ್ತಿ ಓದಲೇಬೇಕೆಂದಿಲ್ಲ, ಒಂದು ಅಧ್ಯಾಯ ಗುರುತು ಮಾಡಿ ಕೊಡಿ. ಅನುವಾದಗಳಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನ "ತೊತ್ತೊ-ಚಾನ್" ಶಾಲೆಯ ಬಗ್ಗೆ ಬೇಸರಗೊಂಡ ಮಕ್ಕಳಿಗೂ ಹಿಡಿಸುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲ ವಿಜ್ಞಾನ" ಮಾಸಿಕದ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕದೆ ಕಟ್ಟಿಡಿ. ಇನ್ನು ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯನ್ನು ಹೊಸ ಬರಹಗಾರರ ಪರಿಚಯಕ್ಕೆ ಬಳಸಿಕೊಳ್ಳಿ. ಪ್ರಶಸ್ತಿ ಬಂದದ್ದೆಲ್ಲ ನಿಮ್ಮ ಮಕ್ಕಳಿಗೆ ಹಿಡಿಸಲೇಬೇಕು ಎಂದಲ್ಲ. ಕೊಳ್ಳುವ ಮುನ್ನ ಓದಿ ನೋಡಿ.

ಅನುದಾನ 5,000 ರೂಪಾಯಿ. ಹೇಗೆ ಹಂಚಲಿ?

ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಗ್ರಂಥಾಲಯ ಅನುದಾನ ಶಾಲೆಯ ಹಂತಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಇರುತ್ತದೆ. ಕಿರಿಯ ಪ್ರಾಥಮಿಕ ಶಾಲೆಗೆ ಬರುವ 5,000ದಲ್ಲಿ, ಪುಸ್ತಕಕ್ಕೆ ಸರಾಸರಿ 50 ರೂಪಾಯಿ ಹಿಡಿದರೆ 100 ಪ್ರತಿ. ಆ 100ರಲ್ಲಿ 80 ಶೀರ್ಷಿಕೆ ಇರಲಿ. ಮಕ್ಕಳು ಮುಗಿಬೀಳುವ ಹತ್ತು ಶೀರ್ಷಿಕೆಗೆ ಮೂರು ಮೂರು ಪ್ರತಿ, ಉಳಿದ 70ಕ್ಕೆ ಒಂದೊಂದು. ಮೇಲೆ ಹೇಳಿದ ಎಣಿಕೆಯಲ್ಲಿ ಯಾವ ರಾಶಿ ಬರಿದಾಗಿತ್ತೋ ಅದಕ್ಕೆ ಅರ್ಧ ಹಣ ಮೀಸಲಿಡಿ. ಒಬ್ಬನೇ ಮಾರಾಟಗಾರ ತಂದುಕೊಡುವ ಸಿದ್ಧ ಕಟ್ಟು ಕೊಳ್ಳಬೇಡಿ. ಒಂದೇ ನೀತಿಕತೆ ಐದು ಹೆಸರಿನಲ್ಲಿ ಬರುತ್ತದೆ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಕನ್ನಡ ಪುಸ್ತಕ ಪ್ರಾಧಿಕಾರ, ಪ್ರಥಮ್ ಬುಕ್ಸ್‌ಗಳ ಪಟ್ಟಿ ತರಿಸಿಕೊಂಡು ನೀವೇ ಗುರುತು ಹಾಕಿ. ಸಾಧ್ಯವಿದ್ದರೆ ಪುಸ್ತಕ ಮೇಳಕ್ಕೆ ನಾಲ್ಕು ಮಕ್ಕಳನ್ನೂ ಕರೆದೊಯ್ದು 500 ರೂಪಾಯಿಯ ಆಯ್ಕೆಯನ್ನು ಅವರಿಗೇ ಬಿಡಿ.

ಪುಸ್ತಕ ಕಳೆದರೆ ಹಣ ಕಟ್ಟಬೇಕಾದೀತು ಎಂದು ಬೀರುವಿಗೆ ಬೀಗ ಹಾಕಿದ್ದೇವೆ.

ಬಗೆಬಗೆಯ ಓದಿಗೆ ಅತಿ ದೊಡ್ಡ ಅಡ್ಡಿ ಈ ಭಯವೇ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು (215ನೇ ನಿಯಮ) ವರ್ಷದಲ್ಲಿ ಹೊರಗೆ ಕೊಟ್ಟ ಅಥವಾ ನೋಡಲು ಬಳಸಿದ ಪ್ರತಿ 1,000 ಪುಸ್ತಕಕ್ಕೆ 5 ಕಳೆಯುವುದನ್ನು ಸಹಜ ನಷ್ಟ ಎಂದೇ ಒಪ್ಪುತ್ತವೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. 1,000 ರೂಪಾಯಿ ಮೀರಿದ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಇದು ಕೇಂದ್ರದ ನಿಯಮ. ನಿಮ್ಮ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಇಂಥದೇ ಒಂದು ಠರಾವು ಬರೆಸಿ, ವರ್ಷದ ಕೊನೆಗೆ ಕಳೆದ, ಹರಿದ ಪುಸ್ತಕಗಳ ಪಟ್ಟಿ ಮಂಡಿಸಿ ಸಹಿ ಪಡೆಯಿರಿ. ಕಳೆದುಕೊಂಡ ಮಗುವಿಗೆ ದಂಡ ಹಾಕಿದರೆ ಆ ಮಗು ಮತ್ತೆ ಪುಸ್ತಕ ಮುಟ್ಟುವುದಿಲ್ಲ.

ಹಳೆಯ ಪುಸ್ತಕ ತೆಗೆದುಹಾಕಬಹುದೇ?

ತೆಗೆಯಲೇಬೇಕು. ಪ್ಲೂಟೊವನ್ನು ಗ್ರಹ ಎನ್ನುವ ಖಗೋಳ ಪುಸ್ತಕ 2006ಕ್ಕಿಂತ ಹಿಂದಿನದು. ಕರ್ನಾಟಕಕ್ಕೆ 30 ಜಿಲ್ಲೆ ಎನ್ನುವುದು ವಿಜಯನಗರ ಜಿಲ್ಲೆ ಆಗುವ ಮುಂಚಿನದು. ಮಾಹಿತಿ ಪುಸ್ತಕಕ್ಕೆ ಈ ಕಟ್ಟುನಿಟ್ಟು. ಕತೆ, ಪದ್ಯಕ್ಕೆ ಬೇಡ. ಶಿವರಾಮ ಕಾರಂತರ ಮಕ್ಕಳ ವಿಶ್ವಕೋಶ "ಬಾಲ ಪ್ರಪಂಚ" 1930ರ ದಶಕದ್ದು, ಮಾಹಿತಿ ಹಳತಾಗಿದೆ. ಆದರೂ ಮಕ್ಕಳಿಗೆ ವಿಷಯ ವಿವರಿಸುವ ಬಗೆ ಕಲಿಯಲು ಶಿಕ್ಷಕರ ಮೇಜಿನ ಮೇಲೆ ಇರಲಿ. ಬೂಷ್ಟು ಹಿಡಿದದ್ದನ್ನು ಮೊದಲು ಬೇರ್ಪಡಿಸಿ. ಮಲೆನಾಡು, ಕರಾವಳಿಯಲ್ಲಿ ಜೂನ್‌ಗೆ ಮುಂಚೆಯೇ ಬೀರುವನ್ನು ಗೋಡೆಯಿಂದ ಅರ್ಧ ಅಡಿ ಈಚೆ ಸರಿಸಿ ಗಾಳಿಯಾಡಲು ಬಿಡಿ.

ದೃಷ್ಟಿದೋಷ ಇರುವ ಮಗುವಿಗೆ?

2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಮುದ್ರಿತ ಪುಸ್ತಕ ಓದಲಾಗದವರು ಸದಸ್ಯರಾಗಿ ಹಲವು ಭಾಷೆಗಳ ಪುಸ್ತಕಗಳನ್ನು ಕೇಳುವ, ಬ್ರೈಲ್‌ನಲ್ಲಿ ಓದುವ ರೂಪದಲ್ಲಿ ಪಡೆಯಬಹುದು. ಶಾಲೆಯಲ್ಲೇ ಮಾಡಬಹುದಾದದ್ದು: ದೊಡ್ಡ ಮಕ್ಕಳು ಮೊಬೈಲ್‌ನಲ್ಲಿ ಕತೆ ಓದಿ ಧ್ವನಿಮುದ್ರಿಸುವುದು. ಆ ಮಗುವಿಗೂ ಮೂರು ಪುಸ್ತಕದ ಆಯ್ಕೆ ಇರಲಿ, ನೀವು ಆರಿಸಿದ ಒಂದೇ ಕಡತ ಕೊಡಬೇಡಿ.

ಬೇಸಿಗೆ ರಜೆಯಲ್ಲಿ ಏನು ಮಾಡುವುದು?

ಏಪ್ರಿಲ್ ಮೊದಲ ವಾರದಲ್ಲಿ ಪ್ರತಿ ಮಗುವಿಗೆ ಮೂರು ಪುಸ್ತಕ ಕೊಡಿ: ಒಂದು ಅದರದೇ ಆಯ್ಕೆ, ಒಂದು ಗೆಳೆಯರು ಸೂಚಿಸಿದ್ದು, ಒಂದು ನಿಮ್ಮದು. ಒಂದೇ ಓಣಿಯ ನಾಲ್ಕೈದು ಮಕ್ಕಳಿಗೆ ಬೇರೆ ಬೇರೆ ಶೀರ್ಷಿಕೆ ಹಂಚಿದರೆ ಅದಲುಬದಲು ಮಾಡಿ 12 ರಿಂದ 15 ಪುಸ್ತಕ ಓದಲು ಸಿಗುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ 6 ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ರಜೆಗೆ ಮುಂಚೆ ತರಗತಿಯನ್ನೇ ಒಮ್ಮೆ ಅಲ್ಲಿಗೆ ಕರೆದೊಯ್ದು ಎಲ್ಲರ ಹೆಸರು ಬರೆಸಿ. ಅಲ್ಲಿನ ಮೇಲ್ವಿಚಾರಕರಿಗೆ ನಿಮ್ಮ ಮಕ್ಕಳ ಇಷ್ಟಗಳ ಒಂದು ಪುಟದ ಪಟ್ಟಿ ಕೊಟ್ಟು ಬನ್ನಿ.